ಎಡಕ್ಕೆ ಮುಖ ಮಾಡಿದ ಕೊಕ್ಕರೆ

ಹೋದ ತಿಂಗಳು ಒಂದು ಬೆಳಿಗ್ಗೆ ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಬೆಕ್ಕಿನ ಬಾಲದ ಮೇಲೆ ಬಂಡಿ ಹಾಯ್ದಂಥ ಸದ್ದಾಯಿತು. ಅಲಸಂದಿ ಬಿಡಿಸುತ್ತಿದ್ದ ನಾನು ಮೊರ ಬಿಟ್ಟು ಎದ್ದು ಹೋದೆ. ಬೆಕ್ಕೂ ಇಲ್ಲ, ಬಂಡಿಯೂ ಇಲ್ಲ. ಮೊಮ್ಮಗಳು ರೇಣುಕಾ ಹಳೆಯ ಟೇಪ್ ರೆಕಾರ್ಡರಿನಿಂದ ತನ್ನ ಲ್ಯಾಪ್‌ಟಾಪಿಗೆ ವೈರು ಎಳೆದುಕೊಂಡು, ಆ ಕಿರುಚಾಟವನ್ನು ಕಣ್ಣು ಮುಚ್ಚಿ ತಲೆಯಾಡಿಸುತ್ತ ಕೇಳುತ್ತಿದ್ದಳು. ನಾನು ಎರಡು ಮಾತಾಡಿದರೆ ತಲೆನೋವು ಎನ್ನುವ ಹುಡುಗಿ.

“ಇದೇನ ಲೇ, ಯಾರ ಜೀವ ತಗೀತಿದ್ದಿ?”

“ಅಜ್ಜಿ, ಇದು ನಿನ್ನ ಕೊಕ್ಕರಿ. ಸುಮ್ನಿರು, ಲೋಡ್ ಆಗಾಕತ್ತೈತಿ.”

ಕೊಕ್ಕರೆಯ ಕತೆ ಹೇಳದಿದ್ದರೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಹೇಳಿದರೆ ನನ್ನೊಬ್ಬಳಿಗೆ ಕೆಟ್ಟಿದೆ ಅಂದುಕೊಳ್ಳಬಹುದು. ಇರಲಿ, ಕುಳಿತುಕೊಳ್ಳಿ.

ನನ್ನ ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ನಾವು ಸಂಡೂರಿನಲ್ಲಿದ್ದೆವು. ಯಜಮಾನರು ಅದಿರಿನ ಲಾರಿ ರಿಪೇರಿ ಮಾಡುತ್ತಿದ್ದರು. ಅಲ್ಲಿ ಹೆಂಗಸರಿಗೆಂದು ಒಂದು ಹೊಲಿಗೆ ಕೇಂದ್ರ ಇತ್ತು. ಬಿಳಿ ಬಟ್ಟೆಯನ್ನು ಕಿಟಕಿಯ ಬಳಿ ಒಂದು ತಾಸು ಇಟ್ಟರೆ ಧೂಳಿಗೆ ಕೆಂಪಾಗುವ ಊರಿನಲ್ಲಿ ಕಸೂತಿ ಕಲಿಸಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಕಾಣೆ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ಒಳಗೆ ಬೆವರುತ್ತ ಕುಳಿತು ಗೋಪುರ, ತುಳಸಿಕಟ್ಟೆ ಹೊಲಿಯುತ್ತಿದ್ದೆವು. ಗೀರು ಹಾಕಿಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಹೋಗುವಾಗ ಒಂದು ಮನೆ, ಎಂದರೆ ಎಣಿಸಿದ ಎಳೆಗಳ ಒಂದು ಚೌಕ, ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಮನೆ ತುಂಬಬೇಕು. ಚೆನ್ನಾಗಿ ಹೊಲಿದ ಬಟ್ಟೆಗೆ ಮುಂದು ಹಿಂದು ಎಂಬುದೇ ಇಲ್ಲ, ಎರಡೂ ಬದಿ ಒಂದೇ ಅಂದ. ಮನುಷ್ಯರಲ್ಲಿ ನಾನು ಅಂಥದ್ದು ನೋಡಿಲ್ಲ.

ಕೇಂದ್ರದ ಮಾಸ್ತರರಿಗೆ ಎಲ್ಲಿಂದಲೋ ಒಂದು ಕಂಪ್ಯೂಟರು ಸಿಕ್ಕಿತು. ಕಂಪ್ಯೂಟರೆಂದರೆ ಊಟದ ತಟ್ಟೆಯಷ್ಟಗಲದ ಗುಂಡಿಗಳ ಹಲಗೆ. ಅದನ್ನು ಟಿ.ವಿ.ಗೆ ಸಿಕ್ಕಿಸಬೇಕು, ಮಾಡಿದ ಕೆಲಸವನ್ನು ಕಿರುಚುವಂಥ ಸದ್ದಾಗಿ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿಗೆ ತುಂಬಬೇಕು. ಚಿತ್ತಾರಗಳನ್ನು ಮನೆಮನೆಯಾಗಿ ಇದಕ್ಕೆ ಉಣಿಸಿದರೆ ಯುಗಯುಗಕ್ಕೂ ಉಳಿಯುತ್ತವೆ ಎಂದರು ಮಾಸ್ತರರು. ಯುಗ ನಾಲ್ಕೇ ವರ್ಷಕ್ಕೆ ಮುಗಿದು ಕೇಂದ್ರಕ್ಕೆ ಬೀಗ ಬಿತ್ತು. ಒಬ್ಬರು ಕುರ್ಚಿ ಒಯ್ದರು, ಒಬ್ಬರು ಫ್ಯಾನು ಒಯ್ದರು. ನಾನು ಹೋಗುವಷ್ಟರಲ್ಲಿ ಕ್ಯಾಸೆಟ್ಟುಗಳಷ್ಟೇ ಉಳಿದಿದ್ದವು. ಡಬ್ಬಿ ಸೂಜಿ ಇಡಲು ಬರುತ್ತದೆಂದು ಒಂದನ್ನು ತಂದೆ.

ಅಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಗಂಗವ್ವ. ಕಂಪ್ಲಿಯವಳು, ಎಡಚಿ, ಬಾಯಿ ಜೋರು. ನನ್ನದು ಮೆತ್ತಗೆ ಎಂದು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ. ಒಂದು ಸಲ ಎಲ್ಲರೂ ಟಿ.ಬಿ. ಡ್ಯಾಂ ನೋಡಲು ಹೋಗಿದ್ದೆವು. ಕಾಲುವೆಯ ಏರಿಯ ಮೇಲೆ ಒಂದು ಕೊಕ್ಕರೆ ಒಂಟಿಕಾಲಿನಲ್ಲಿ, ಬಾಯಲ್ಲಿ ಮೀನು ಹಿಡಿದು, ನುಂಗಲೋ ಬೇಡವೋ ಎಂದು ಸಾಹೇಬರ ಹುಕುಮಿಗೆ ಕಾದಂತೆ ನಿಂತಿತ್ತು. “ನೋಡ ಲೇ ಗಂಗಿ” ಎಂದು ತೋರಿಸಿದವಳು ನಾನು. ಮರುವಾರ ಕೊಕ್ಕರೆ ನಮ್ಮಿಬ್ಬರ ಬಟ್ಟೆಯ ಮೇಲೂ ಬಂತು. ನನ್ನ ಹೊಲಿಗೆ ಚೊಕ್ಕ, ಮಾಸ್ತರರು ನನ್ನದನ್ನೇ ನನ್ನ ಹೆಸರಿನಲ್ಲಿ ಬಳ್ಳಾರಿಗೆ ಕಳಿಸಿದರು. ಹೊಸ ಚಿತ್ತಾರ ಕಟ್ಟಿದ್ದಕ್ಕೆಂದು ಒಂದು ಪ್ರಮಾಣಪತ್ರ ಬಂತು.

“ಚಿತ್ತಾರ ಕಟ್ಟಿದಾಕಿ ನಾನು. ನೀ ನನ್ನ ಬಟ್ಟಿ ನೋಡಿ ಹೊಲದಿ,” ಎಂದಳು ಗಂಗವ್ವ.

“ಕೊಕ್ಕರಿ ತೋರಿಸಿದಾಕಿ ನಾನು.”

“ಚಂದ್ರನ್ನ ತೋರಿಸಿದಾಕಿ ಚಂದ್ರನ್ನ ಹಡದಾಳೇನ?”

ಅಲ್ಲಿಗೆ ಮಾತು ನಿಂತಿತು. ಅವಳು ಕಂಪ್ಲಿಗೆ ಹೋದಳು, ನಾನು ಹೊಸಪೇಟೆಗೆ ಬಂದೆ. ಮದುವೆ ಮುಂಜಿಗಳಲ್ಲಿ ಎದುರಾದರೆ ಅವಳು ಊಟಕ್ಕೆ ಕೂತ ಪಂಕ್ತಿ ಬಿಟ್ಟು ನಾನು ಕೂರುತ್ತಿದ್ದೆ. ಬಂದವರಿಗೆಲ್ಲ ಕೊಕ್ಕರೆ ನನ್ನದೆಂದು ಹೇಳಿ ಹೇಳಿ, ನಾನೇ ಎಳೆ ಎಣಿಸಿದ್ದು ಕಣ್ಣಿಗೆ ಕಟ್ಟಿದಂತೆ ನೆನಪಾಗತೊಡಗಿತು. ನೆನಪು ಬಹಳ ವಿಧೇಯ ಪ್ರಾಣಿ, ಕರೆದ ಕಡೆ ಬರುತ್ತದೆ.

ಹೀಗಿರುವಾಗ ಹಂಪಿಯಲ್ಲಿ ಈ ಭಾಗದ ಹಳೆಯ ಕಸೂತಿಯ ಪ್ರದರ್ಶನ ಇಡುತ್ತಾರೆಂದು ಸುದ್ದಿ ಬಂತು. ರೇಣುಕಾ ಲ್ಯಾಬ್ ನೋಡಿಕೊಳ್ಳುವ ಕಾಲೇಜಿನವರದೂ ಅದರಲ್ಲಿ ಕೈಯಿತ್ತು. ಪ್ರತಿ ಚಿತ್ತಾರದ ಕೆಳಗೆ ಕಟ್ಟಿದವರ ಹೆಸರು. “ಕೊಕ್ಕರಿ ನಂದು, ಬರಕೋ” ಎಂದೆ. ಬಟ್ಟೆ ಎಲ್ಲಿ ಎಂದಳು. ಗೆದ್ದಲು ತಿಂದಿತ್ತು. ಮನೆಗಳ ಎಣಿಕೆ ನೆನಪಿದೆಯೇ ಎಂದಳು. ಅದೂ ಇಲ್ಲ. ಉಳಿದದ್ದು ಸೂಜಿ ಡಬ್ಬಿಯ ಕ್ಯಾಸೆಟ್ಟು ಒಂದೇ.

ಆ ಹಳೆಯ ಕಂಪ್ಯೂಟರು ಈಗ ಎಲ್ಲಿಯೂ ಸಿಗುವುದಿಲ್ಲವಂತೆ. ಅದರ ಬದಲು ಎಮ್ಯುಲೇಟರು ಎಂಬುದೊಂದಿದೆ. ಹಗಲು ಬಸ್ಸಿನಲ್ಲಿ ಟಿಕೀಟು ಹರಿಯುವ ಕಂಡಕ್ಟರು ಬಯಲಾಟದಲ್ಲಿ ಕಿರೀಟ ಕಟ್ಟಿದ ಕೂಡಲೇ ದುರ್ಯೋಧನನಾಗುತ್ತಾನಲ್ಲ, ಹಾಗೆ ಹೊಸ ಕಂಪ್ಯೂಟರು ಹಳೆಯದರ ವೇಷ ಹಾಕುವುದು. ಕಷ್ಟವೇನೆಂದರೆ, ಈ ವೇಷವನ್ನು ಯಾರೋ ಪರದೇಶದವರು ಬಹಳ ಹಿಂದೆ ಹೊಲಿದು ಎಲ್ಲರಿಗೂ ಪುಕ್ಕಟೆ ಬಿಟ್ಟು ಸುಮ್ಮನಾಗಿದ್ದಾರೆ. ಅಂದಿನ ಕಂಪ್ಯೂಟರುಗಳ ಮೈಗೆ ಹೊಲಿದದ್ದು ಇಂದಿನ ಮೈಗೆ ಹಿಡಿಯದು. ರೇಣುಕಾ ಒಂದು ತಿಂಗಳು ದರ್ಜಿ ಕೆಲಸ ಮಾಡಿದಳು. ಮೊದಲಿಗೆ ಪರದೆಯ ಮೇಲೆ ಅದರ ಕಿಟಕಿಯೇ ತೆರೆಯಲಿಲ್ಲ. ಆಮೇಲೆ ಲ್ಯಾಪ್‌ಟಾಪು ಇದು ಅಪಾಯಕಾರಿ, ಬಿಡಲೋ ಬೇಡವೋ ಎಂದು ಹೊಸ ಬೀಗರಂತೆ ಮಾತುಮಾತಿಗೆ ಕೇಳಿತು. ಅದನ್ನು ಒಪ್ಪಿಸಿದರೆ, ಹೊಸ ಯಂತ್ರದ ಓಟಕ್ಕೆ ಹಳೆಯ ಚಿತ್ರ ಬಂದದ್ದೂ ಹೋದದ್ದೂ ಕಾಣಲಿಲ್ಲ. ಹೊಸ ಯಂತ್ರಕ್ಕೆ ನಿಧಾನ ಕಲಿಸಲು ಹತ್ತು ದಿನ ಹಿಡಿಯಿತು.

“ಇಷ್ಟು ಕೊಟ್ಟು ಹೊಸಾದು ತಂದಿದ್ದು, ಹಳೇದರಂಗ ತೆವಳಾಕಾ?” ಎಂದೆ.

ಕ್ಯಾಸೆಟ್ಟಿನ ಒಂದು ಬದಿಗೆ ಯಜಮಾನರು ಭಜನೆ ತುಂಬಿಸಿದ್ದರು. ಅವಳು ಗೊತ್ತಿಲ್ಲದೆ ಮೊದಲು ಅದನ್ನೇ ಕೇಳಿಸಿದಳು. ಯಂತ್ರ ತಪ್ಪು ತಪ್ಪು ಎಂದು ಹೇಳಿ ಎದ್ದು ಹೋಯಿತು. ಅವರು ಹಾಡುವಾಗ ನಾವೂ ಹಾಗೆಯೇ ಎದ್ದು ಹೋಗುತ್ತಿದ್ದೆವು.

ಆ ಬೆಳಿಗ್ಗೆ ಕಿರುಚಿದ್ದು ಸರಿಯಾದ ಬದಿ. ಕಿರುಚಾಟ ನಿಂತ ಮೇಲೆ ಮೊದಲು ಗೋಪುರ ಬಂತು. ಆಮೇಲೆ ಗೆರೆ ಗೆರೆಯಾಗಿ ಕೊಕ್ಕರೆ. ಮೊದಲು ಕೊಕ್ಕು, ಕುತ್ತಿಗೆ, ಕಡೆಗೆ ಒಂಟಿಕಾಲು. ನಾನು ಬಗ್ಗಿ ನೋಡಿದೆ.

“ನಂದು ಬಲಕ್ಕ ನೋಡತಿತ್ತು. ಇದು ಎಡಕ್ಕ ನೋಡಾಕತ್ತೈತಲ್ಲ?”

ರೇಣುಕಾ ಹಣೆ ಬಡಿದುಕೊಂಡಳು. “ಎಮ್ಯುಲೇಟರಿನಾಗ ದೋಷ ಐತಿ ಅಜ್ಜಿ. ಅಕ್ಷರ ಸರಿ ಬರತಾವ, ಚಿತ್ರ ಹೊಳ್ಳಿ ಬೀಳತೈತಿ. ಗೋಪುರ ಎರಡೂ ಕಡಿ ಒಂದ ಥರ ಅಂತ ಅದರಾಗ ಗೊತ್ತಾಗಲಿಲ್ಲ. ತಡಿ.” ಅರ್ಧ ತಾಸು ಟಕಟಕ ಒತ್ತಿದಳು. ಕೊಕ್ಕರೆ ಬಲಕ್ಕೆ ತಿರುಗಿತು. “ಮಸ್ತ್! ಸಂಜಿಗೆ ಇದನ್ನ ಎಲ್ಲಾರಿಗೂ ಕಳಸ್ತೀನಿ. ಜಗತ್ತಿನಾಗ ಇಷ್ಟು ಮಂದಿ ಇದನ್ನ ಬಳಸ್ತಾರ, ಒಬ್ಬರೂ ಕಂಡಿದ್ದಿಲ್ಲ!”

ಅವಳು ಕುಣಿಯುತ್ತಿದ್ದಳು. ನಾನು ಮೊರದ ಮುಂದೆ ಬಂದು ಕುಳಿತೆ. ಕಾಳು ಬಿಡಿಸಲು ಕೈ ಬರಲಿಲ್ಲ.

ದೋಷ ಎಮ್ಯುಲೇಟರಿನಲ್ಲಿ ಇರಲಿಲ್ಲ. ಮಾಸ್ತರರದು ಒಂದು ಕಟ್ಟಳೆ ಇತ್ತು. ಚಿತ್ತಾರ ಕಟ್ಟಿದವಳು ಬಟ್ಟೆ ಹಿಡಿದು ‘ಮೂರು ತುಂಬು, ಎರಡು ಬಿಡು’ ಎಂದು ಕೂಗಬೇಕು, ಪಕ್ಕದವಳು ಗುಂಡಿ ಒತ್ತಬೇಕು. ನಾವೆಲ್ಲ ಬಟ್ಟೆಯ ಮುಂದಿನ ಬದಿ ನೋಡಿ ಕೂಗುತ್ತಿದ್ದೆವು. ಮುಂದೆ ಬಲಕ್ಕೆ ನೋಡುವ ಕೊಕ್ಕರೆ ಹಿಂಬದಿಯಲ್ಲಿ ಎಡಕ್ಕೆ ನೋಡುತ್ತದೆ. ಹಿಂಬದಿ ನೋಡಿ ಕೂಗುವವಳು ಇಡೀ ಕೇಂದ್ರದಲ್ಲಿ ಗಂಗವ್ವ ಒಬ್ಬಳೇ. ಎಡಗೈಯವಳಿಗೆ ಬಟ್ಟೆ ಹಾಗೆ ಹಿಡಿಯುವುದೇ ರೂಢಿ, ಮೇಲಾಗಿ ಅವಳಿಗೆ ಯಾವುದರ ಮುಂಬದಿಯ ಮೇಲೂ ನಂಬಿಕೆ ಇರಲಿಲ್ಲ. ಎರಡೂ ಬದಿ ಒಂದೇ ಅಂದದ ಹೊಲಿಗೆಯಾದ್ದರಿಂದ ಕೂಗುವಾಗ ಯಾರಿಗೂ ತಿಳಿಯಲಿಲ್ಲ. ಟಿ.ವಿ.ಯಲ್ಲಿ ಕೊಕ್ಕರೆ ಎಡಕ್ಕೆ ಮುಖ ಮಾಡಿ ನಿಂತಾಗ ಮಾಸ್ತರರು ಬೈದರು. “ಕೊಕ್ಕರಿ ಹೊಳ್ಳಿ ನೋಡಾಕತ್ತೈತ್ರಿ, ನಿಮಗೇನು ತ್ರಾಸು?” ಎಂದಿದ್ದಳು ಗಂಗವ್ವ. ಪಕ್ಕದಲ್ಲಿ ಕುಳಿತು ನಕ್ಕವಳು ನಾನು. ಗುಂಡಿ ಒತ್ತಿದ ಬೆರಳೂ ನನ್ನದೇ. ಇಷ್ಟು ವರ್ಷ ಕರೆದರೂ ಬಾರದ ನೆನಪು ಈಗ ಕರೆಯದೆ ಬಂದು ಎದುರಿಗೆ ಕುಳಿತಿತು.

ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಿದ್ದೆ. ಮೊಮ್ಮಗಳು ಗಂಗವ್ವನ ಗುರುತನ್ನು ತನ್ನ ಕೈಯಾರೆ ಅಳಿಸಿ ಕೊಟ್ಟಿದ್ದಳು. ಮಧ್ಯಾಹ್ನದವರೆಗೆ ಮುಚ್ಚಿಕೊಂಡೂ ಇದ್ದೆ, ಸುಳ್ಳು ಏಕೆ ಹೇಳಲಿ. ಆದರೆ ಸಂಜೆಗೆ ಆ ತಿದ್ದುಪಡಿ ಊರೂರಿಗೆ ಹೋಗುತ್ತದೆ. ನನ್ನ ಹಟಕ್ಕೆ ಎಲ್ಲೋ ಪರದೇಶದಲ್ಲಿ ಕುಳಿತವನ ಚಿತ್ರಗಳೆಲ್ಲ ತಿರುಗಿ ನಿಲ್ಲುತ್ತವೆ, ಅವನು ನಮ್ಮ ಹುಡುಗಿಗೆ ಉಗಿಯುತ್ತಾನೆ. ನನಗೆ ಉಗಿದರೆ ಒರೆಸಿಕೊಂಡೇನು.

“ಕಳಸಬ್ಯಾಡ,” ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ರೇಣುಕಾ ಲ್ಯಾಪ್‌ಟಾಪು ಮುಚ್ಚಿ ನನ್ನ ಕಡೆ ತಿರುಗಿದಳು. “ಅಂದ್ರ ಕೊಕ್ಕರಿ ನಿಂದಲ್ಲ?”

“ತೋರಿಸಿದಾಕಿ ನಾನು.”

“ಅಜ್ಜಿ!”

“ಅಲ್ಲ. ನಂದಲ್ಲ. ಸಾಕಾ?”

ಮರುದಿನ ಕಂಪ್ಲಿಯ ಬಸ್ಸು ಹಿಡಿದೆವು. ಗಂಗವ್ವ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು, ಬಾಯಿ ಹಾಗೇ ಇತ್ತು.

“ಗಂಗೀ, ಕೊಕ್ಕರಿ ನಿಂದು.”

“ಅದು ನನಗ ಮೊದ್ಲ ಗೊತ್ತೈತಿ. ಇಷ್ಟು ಹೇಳಾಕ ಬಸ್ಸಿಗೆ ಬಂದ್ಯಾ? ಕುಂದ್ರು.”

ರೇಣುಕಾ ಲ್ಯಾಪ್‌ಟಾಪು ತೆರೆದು ಎಡಕ್ಕೆ ನೋಡುವ ಕೊಕ್ಕರೆಯನ್ನು ತೋರಿಸಿದಳು. ಗಂಗವ್ವ ಕನ್ನಡಕ ಹಾಕಿಕೊಂಡು, ಖಾರದ ಬೆರಳನ್ನು ಸೆರಗಿಗೆ ಒರೆಸಿ, ಮನೆ ಎಣಿಸತೊಡಗಿದಳು. ಅಳುತ್ತಾಳೇನೋ ಎಂದು ರೇಣುಕಾ ಕಾಯುತ್ತಿದ್ದಳು. ಅವಳಿಗೆ ಗಂಗವ್ವ ಗೊತ್ತಿಲ್ಲ.

“ಮೀನಿನ ಬಾಲದಾಗ ಒಂದು ಮನಿ ಖಾಲಿ ಐತಿ. ನಾಕು ತುಂಬು ಅಂತ ಕೂಗಿದ್ದೆ, ಮೂರ ಅದಾವ. ಒತ್ತಿದಾಕಿ ಯಾರು?”

“ನಾನ.”

“ಮತ್ತ!”

“ನಾ ಸರಿ ಮಾಡ್ಲೇನ್ರಿ?” ಎಂದಳು ರೇಣುಕಾ.

“ಮುಟ್ಟಬ್ಯಾಡ. ಹೆಸರು ಬೇಕಂತ ಅಷ್ಟು ಬಡದಾಡ್ಯಾಳ, ಬರಿ. ಕೊಕ್ಕರಿ ಗಂಗವ್ವಂದು, ಖಾಲಿ ಮನಿ ಇಕಿದು.”

ಹಾಗೆಯೇ ಬರೆದಿದ್ದಾರೆ. ಈಗ ಅದು ಹಂಪಿಯಲ್ಲಿ ಗೋಡೆಯ ಮೇಲಿದೆ. ನೋಡಲು ಹೋದ ದಿನ ಗಂಗವ್ವ ನನ್ನನ್ನೂ ಎಳೆದುಕೊಂಡು ಹೋದಳು. ಬಂದವರಿಗೆಲ್ಲ ಮೀನಿನ ಬಾಲದ ಬಳಿ ಬೆರಳಿಟ್ಟು, “ಇದನ್ನ ಮಾಡಿದಾಕಿ ಇಲ್ಲೇ ನಿಂತಾಳ ನೋಡ್ರಿ” ಎಂದು ಹೇಳುತ್ತಿದ್ದಳು. ಮುಂದಿನ ವಾರವೂ ಹೋಗಬೇಕಂತೆ.