ನೀಲಿ ಪರದೆಯ ಮುಂದೆ ಶಿವರುದ್ರಮ್ಮ

ಗುಬ್ಬಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಶಿವರುದ್ರಮ್ಮನ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಹಣೆಗೆ ವಿಭೂತಿ ಇಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಐವತ್ತೆರಡು ವರ್ಷದ ಹೆಂಗಸನ್ನು ಕಂಡು, "ಮೆಕ್ಯಾನಿಕ್ ಎಲ್ಲಿಗೆ ಹೋಗವ್ರೆ ಅಮ್ಮ?" ಎಂದು ಕೇಳುವವರು ಇವತ್ತಿಗೂ ಇದ್ದಾರೆ.

"ಎಲ್ಲೂ ಹೋಗಿಲ್ಲ. ಕೂತ್ಕೊಳ್ಳಿ, ಏನಾಗೈತೆ ಹೇಳಿ," ಎನ್ನುತ್ತಾಳೆ ಆಕೆ. ಮೊದಮೊದಲು ಈ ಮಾತು ಹೇಳುವಾಗ ಒಳಗೆ ಏನೋ ಚುಚ್ಚುತ್ತಿತ್ತು. ಈಗ ನಗು ಬರುತ್ತದೆ.

ಅವಳು ಹುಟ್ಟಿದ್ದು ಅಮೃತೂರಿನಲ್ಲಿ. ಹತ್ತನೇ ತರಗತಿ ಮುಗಿಸಿ, ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಷಡಕ್ಷರಿಯನ್ನು ಮದುವೆಯಾಗಿ ಬಂದಳು. ದಿನಾ ಬಸ್ಸು ಹಿಡಿದು ತುಮಕೂರಿನ ಸ್ಟೆಬಿಲೈಸರ್ ಕಾರ್ಖಾನೆಗೆ ಹೋಗಿ ಹನ್ನೊಂದು ವರ್ಷ ಬೋರ್ಡುಗಳಿಗೆ ಬೆಸುಗೆ ಹಾಕಿದಳು. ಕಾರ್ಖಾನೆ ಮುಚ್ಚಿದಾಗ ಅಲ್ಲೇ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಗೆ ಸೇರಿದಳು. ಮಾಲೀಕ ಅವಳನ್ನು ಪರದೆಯ ಹಿಂದೆ ಕೂರಿಸಿದ. ಮುಂದೆ ಗಂಡಸರು ಗಿರಾಕಿಗಳ ಜೊತೆ ಮಾತಾಡುವುದು, ಹಿಂದೆ ಇವಳು ಬೆಸುಗೆ ಹಾಕುವುದು. ಆದರೆ ಇವಳ ಕಿವಿ ಮಾತ್ರ ಮುಂದೆಯೇ ಇರುತ್ತಿತ್ತು.

ಆ ಅಂಗಡಿಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು: ಫಾರ್ಮ್ಯಾಟ್. ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟುಬಿಡುವುದು. ಒಂದು ದಿನ ಕಾಲೇಜು ಹುಡುಗಿಯೊಬ್ಬಳು ತನ್ನ ಕಂಪ್ಯೂಟರ್ ತೆಗೆದುಕೊಳ್ಳಲು ಬಂದಳು. ಎರಡು ವರ್ಷ ಊರೂರು ತಿರುಗಿ ಬರೆದ ಪ್ರಬಂಧ ಅದರಲ್ಲಿತ್ತಂತೆ. ಅಳಲಿಲ್ಲ, ಜಗಳವಾಡಲಿಲ್ಲ. "ಒಂದು ಪುಟಾನೂ ಇಲ್ವಾ?" ಎಂದಷ್ಟೇ ಕೇಳಿದಳು. ಪರದೆಯ ಸಂದಿಯಿಂದ ಶಿವರುದ್ರಮ್ಮ ಆ ಮುಖ ನೋಡಿದಳು. ಕಾಯಿಲೆ ಏನೆಂದು ಗೊತ್ತಾಗುವ ತನಕ ಯಾರ ಡಿಸ್ಕನ್ನೂ ಅಳಿಸಬಾರದು ಎಂದು ಅವಳು ನಿರ್ಧರಿಸಿದ್ದು ಅವತ್ತು. ಆರು ವರ್ಷ ಅಲ್ಲೇ ಕಲಿತು, ಆಮೇಲೆ ಗುಬ್ಬಿಯಲ್ಲಿ ತನ್ನದೇ ಅಂಗಡಿ ತೆರೆದಳು.

ಹೋದ ವರ್ಷ ದೀಪಾವಳಿ ಕಳೆದ ವಾರ, ಮಂಗಳವಾರ ಬೆಳಿಗ್ಗೆ, ಹಿರೇಹಳ್ಳಿಯ ಕಾರ್ಯಾಗಾರದಿಂದ ಕಾವ್ಯಳ ಫೋನು ಬಂತು. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಸಣ್ಣ ಕಾರ್ಯಾಗಾರ ಅದು. ಕಾವ್ಯ ಅಲ್ಲಿ ಅಳತೆ ತೆಗೆದುಕೊಂಡು ಕಂಪ್ಯೂಟರಿಗೆ ತುಂಬುತ್ತಾಳೆ. ಕಂಪ್ಯೂಟರು ಹೇಳಿದಂತೆ ಪಕ್ಕದ ಯಂತ್ರ ಕಾಲಿನ ಅಚ್ಚು ಕೆತ್ತುತ್ತದೆ.

"ಅಕ್ಕ, ಆನ್ ಮಾಡಿದ್ರೆ ಒಂದ್ ನಿಮಿಷಕ್ಕೆ ನೀಲಿ ಪರದೆ ಬರತ್ತೆ, ಆಫಾಗತ್ತೆ, ಮತ್ತೆ ಅದೇ. ತುಮಕೂರಿಂದ ಒಬ್ರು ಬಂದು ನೋಡಿದ್ರು. ಫಾರ್ಮ್ಯಾಟ್ ಮಾಡ್ಬೇಕು ಅಂದವ್ರೆ."

"ಯಾರೂ ಮುಟ್ಬೇಡಿ ಕಣಮ್ಮ. ಆಫ್ ಮಾಡಿಡು. ಬಂದೆ."

ಕಾರ್ಯಾಗಾರದ ಬೆಂಚಿನ ಮೇಲೆ ಅಮೃತೂರು ಕಡೆಯ ತಿಪ್ಪಮ್ಮ ಕೂತಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಮೊದಲ ಬಸ್ಸಿಗೇ ಬಂದಿದ್ದಳು. ಅವಳ ಅಚ್ಚು ಅವತ್ತು ಕೆತ್ತಬೇಕಿತ್ತು. ಕಾರ್ಯಾಗಾರ ನಡೆಸುವ ಬಸವಪ್ರಭು ಬಾಗಿಲಲ್ಲೇ ನಿಂತಿದ್ದ.

"ಏಳ್ನೂರು ಜನದ ಅಳತೆ ಇದ್ರಲ್ಲೇ ಐತೆ ಅಮ್ಮ. ಅಳಿಸಿದ್ರೆ ಎಲ್ರನ್ನೂ ಮತ್ತೆ ಕರೆಸ್ಬೇಕು. ಅದಾದ್ರೂ ಮಾಡ್ಬೋದು. ಯಂತ್ರ ಓಡ್ಸೋ ಪ್ರೋಗ್ರಾಮ್ ಕೊಟ್ಟ ಕಂಪನೀನೇ ಈಗಿಲ್ಲ. ಆ ಪ್ರೋಗ್ರಾಮ್ ಹೋದ್ರೆ ಬಾಗಿಲು ಹಾಕ್ದಂಗೆ."

ಶಿವರುದ್ರಮ್ಮ ಎಂದಿನಂತೆ ಮೊದಲು ಕೇಳಿದಳು: "ಕೊನೇ ಸಲ ಸರಿಯಾಗಿ ಓಡಿದ್ದು ಯಾವಾಗ? ಆಮೇಲೆ ಏನೇನಾಯ್ತು?"

"ಶನಿವಾರ ಚೆನ್ನಾಗಿತ್ತು," ಎಂದಳು ಕಾವ್ಯ. "ಭಾನ್ವಾರ, ಸೋಮ್ವಾರ ವೈರಿಂಗ್ ಕೆಲಸ ಅಂತ ಕರೆಂಟೇ ಇರ್ಲಿಲ್ಲ. ಯಾರೂ ಏನೂ ಮಾಡಿಲ್ಲಕ್ಕ."

ಆನ್ ಮಾಡಿ ನೋಡಿದಳು. ನೀಲಿ ಪರದೆಯಲ್ಲಿದ್ದ ಒಂದು ಸಾಲು ಸಾಕಾಯಿತು. ವಿಂಡೋಸಿಗೆ ತಾನಿರುವ ಡಿಸ್ಕೇ ಕೈಗೆ ಸಿಗುತ್ತಿಲ್ಲ. ಬಸವಪ್ರಭುವಿಗೆ ಬಿಡಿಸಿ ಹೇಳಿದಳು: "ಡಿಸ್ಕ್ ಜೊತೆ ಮಾತಾಡೋಕೆ ಒಬ್ಬ ದುಭಾಷಿ ಬೇಕು ಸಾರ್. ಅದಕ್ಕೇ ಡ್ರೈವರ್ ಅನ್ನೋದು. ಬೆಳಗ್ಗೆ ಕಂಪ್ಯೂಟರ್ ಏಳೋ ಹೊತ್ತಿಗೆ ಅವ್ನು ಬರ್ದೆ ಹೋದ್ರೆ, ಒಳಗೆ ಎಲ್ಲಾ ಇದ್ರೂ ಏನೂ ಇಲ್ದಂಗೆ."

ಕ್ಯಾಬಿನೆಟ್ ಬಿಚ್ಚಿದಾಗ ಒಳಗೆ ಒಂದೇ ಥರದ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ದಾಖಲಾಗುವ ಜೋಡಿ. ಕಂಪ್ಯೂಟರಿಗೆ ಅವೆರಡೂ ಸೇರಿ ಒಂದೇ ಡಿಸ್ಕಿನಂತೆ ಕಾಣಬೇಕು. ಒಂದರಲ್ಲಿ ಮಾತ್ರ ಏನಾದರೂ ತಿದ್ದಿದರೆ ಜೋಡಿ ಮುರಿದುಹೋಗುತ್ತದೆ. ಹಾಗಾಗಿ ಅವಳು ಮೊದಲು ಒಂದು ಡಿಸ್ಕನ್ನು ಹೊರತೆಗೆದು, ತಾನು ತಂದ ಖಾಲಿ ಡಿಸ್ಕಿಗೆ ಅದರ ಪೂರ್ತಿ ನಕಲು ಇಳಿಸಲು ಹಚ್ಚಿದಳು. ಒಂದೂವರೆ ಗಂಟೆಯ ಕೆಲಸ. ಬಸವಪ್ರಭು ಚಡಪಡಿಸಿದ. ಅವಳು ಅವಸರ ಮಾಡಲಿಲ್ಲ.

ತಿಪ್ಪಮ್ಮ ಬೆಂಚಿನಿಂದಲೇ ಕೇಳಿದಳು: "ಏನವ್ವ, ನನ್ ಕಾಲು ಅದ್ರೊಳಗೆ ಸಿಕ್ಕಾಕ್ಕೊಂಡದಂತಲ್ಲ?"

"ಹೂಂ ಕಣವ್ವ. ಹುಷಾರಾಗಿ ಎಳೀತಾ ಇದೀನಿ."

"ಎಳಿ, ಎಳಿ. ಮುರ್ದುಗಿರ್ದು ಹಾಕೀಯ. ಒಂದು ಹೋಗಿರೋದೇ ಸಾಕು," ಎಂದು ತಿಪ್ಪಮ್ಮ ನಕ್ಕಳು. ಶಿವರುದ್ರಮ್ಮನೂ ನಕ್ಕಳು.

ನಕಲು ಮುಗಿದ ಮೇಲೆ ಡಿಸ್ಕನ್ನು ಮರಳಿ ಜೋಡಿಸಿ, ತನ್ನ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿದಳು. ಡ್ರೈವರ್ ಕೆಟ್ಟಿರಬೇಕು ಎಂದುಕೊಂಡು ಆ ಕಂಪ್ಯೂಟರಿನ ಬೋರ್ಡಿಗೆ ಸಲ್ಲುವ ಡ್ರೈವರನ್ನು ಹುಡುಕಿ ತಾತ್ಕಾಲಿಕವಾಗಿ ಕೊಟ್ಟು ನೋಡಿದಳು. ಡ್ರೈವರ್ ಸರಿಯಾಗಿಯೇ ಕೂತಿತು, ಆದರೆ ಪ್ರಯೋಜನವಾಗಲಿಲ್ಲ. ಅದಕ್ಕಿಂತ ಹಳೆಯದನ್ನು ಕೊಟ್ಟಳು. ಅದೂ ಅಷ್ಟೇ. ದುಭಾಷಿ ಬಂದು ನಿಂತಿದ್ದಾನೆ, ಮಾತಾಡಬೇಕಾದವನೇ ಕಾಣಿಸುತ್ತಿಲ್ಲ ಎಂಬಂತಿತ್ತು. ಮಧ್ಯಾಹ್ನ ಎರಡು ಗಂಟೆಯಾಯಿತು. ಕಾವ್ಯ ತಂದಿಟ್ಟ ಚಿತ್ರಾನ್ನ ಆರಿಹೋಯಿತು.

"ಅಮ್ಮ, ನಿಮ್ ಕೈಲಾದ್ದು ನೀವು ಮಾಡಿದ್ರಿ," ಎಂದ ಬಸವಪ್ರಭು ಮೆತ್ತಗೆ. "ಆ ತುಮಕೂರಿನವ್ರನ್ನೇ ಕರೆಸ್ಲಾ?"

ಪರದೆಯ ಹಿಂದೆ ಕೂತಿದ್ದ ಕಾಲದ ಅಳುಕು ಮತ್ತೆ ಎದೆಯಲ್ಲಿ ಎದ್ದಿತು. ನಿಜವಾಗಿಯೂ ತನಗೆ ಬರುವುದಿಲ್ಲವೇನೋ? "ಇನ್ನೊಂದ್ ಅರ್ಧ ಗಂಟೆ ಕೊಡಿ ಸಾರ್," ಎಂದು ಹೇಳಿ, ಇಲ್ಲಿಯ ತನಕ ಕಂಡದ್ದನ್ನೆಲ್ಲ ಮೊದಲಿನಿಂದ ನೋಡೋಣವೆಂದು ಆಗತಾನೆ ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡಿದ್ದ ಪರೀಕ್ಷೆಯ ವರದಿಯನ್ನು ತೆರೆಯಹೋದಳು. ಅದರ ಪಕ್ಕದಲ್ಲಿದ್ದ ತಾರೀಕು ನೋಡಿ ಕೈ ನಿಂತಿತು. ಈಗ ಬರೆದ ಫೈಲಿಗೆ ಹತ್ತು ವರ್ಷಕ್ಕೂ ಹಿಂದಿನ ಜನವರಿ ಒಂದು.

ಕಂಪ್ಯೂಟರಿಗೆ ಇವತ್ತು ಯಾವ ದಿನವೆಂದು ಗೊತ್ತಿಲ್ಲ. ಅಂದರೆ ಒಳಗಿನ ಬ್ಯಾಟರಿ ಸತ್ತಿದೆ. ಕರೆಂಟು ಇಲ್ಲದಾಗಲೂ ಬೋರ್ಡಿನ ನೆನಪು ಹಿಡಿದಿಡುವ, ಗುಂಡಿಯಂಥ ಪುಟ್ಟ ಬ್ಯಾಟರಿ ಅದು. ಎರಡು ದಿನ ಕರೆಂಟಿಲ್ಲ, ಬ್ಯಾಟರಿಯಲ್ಲಿ ಜೀವವಿಲ್ಲ. ಬೋರ್ಡು ತಾರೀಕನ್ನಷ್ಟೇ ಅಲ್ಲ, ಈ ಎರಡು ಡಿಸ್ಕು ಜೋಡಿ ಎಂಬುದನ್ನೂ ಮರೆತು, ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತಿತ್ತು. ವಿಂಡೋಸಿನ ಡ್ರೈವರಿಗೆ ಗೊತ್ತಿದ್ದದ್ದು ಜೋಡಿಯ ಭಾಷೆ ಒಂದೇ.

"ಅಯ್ಯೋ ಶಿವನೇ!" ಎಂದು ಹಣೆ ಬಡಿದುಕೊಂಡಳು. "ಡ್ರೈವರ್ ಕೆಟ್ಟೇ ಇಲ್ಲ ಸಾರ್. ಸುಮ್ನೆ ಅವ್ನ ಹಿಂದೆ ಬಿದ್ದಿದ್ದೆ. ಎರಡು ದಿನ ಕರೆಂಟ್ ಇರ್ಲಿಲ್ಲ ಅಂದಾಗ್ಲೇ ನಂಗೆ ಹೊಳೀಬೇಕಿತ್ತು. ನಂದೇ ತಪ್ಪು."

ಬಸವಪ್ರಭು ಅವಳನ್ನೇ ನೋಡಿದ. ಇಷ್ಟು ವರ್ಷದಲ್ಲಿ ಯಾವ ರಿಪೇರಿಯವರ ಬಾಯಲ್ಲೂ ಅವನು ಆ ಮಾತು ಕೇಳಿರಲಿಲ್ಲ.

ಚೀಲದಿಂದ ಹೊಸ ಬ್ಯಾಟರಿ ತೆಗೆದು ಹಾಕಿದಳು. ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ತಾರೀಕು ಸರಿಮಾಡಿ, ಡಿಸ್ಕುಗಳನ್ನು ಜೋಡಿಯಾಗಿ ಓದುವ ಆಯ್ಕೆಗೆ ಬದಲಿಸಿದಳು. ಉಳಿಸುವ ಮುಂಚೆ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಮತ್ತೆ ಆನ್ ಮಾಡಿದಾಗ ಎರಡೂ ಡಿಸ್ಕುಗಳ ಹೆಸರು ಒಂದೇ ಜೋಡಿಯ ಕೆಳಗೆ ಬಂದವು. ಕಾವ್ಯ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಿದ್ದಳು. ನೀಲಿ ಪರದೆ ಬರುತ್ತಿದ್ದ ಗಳಿಗೆ ಬಂತು, ದಾಟಿತು. ಯಂತ್ರದ ಪ್ರೋಗ್ರಾಮ್ ತೆರೆಯಿತು. ಉದ್ದನೆಯ ಪಟ್ಟಿಯಲ್ಲಿ ಒಂದೊಂದೇ ಹೆಸರು ಇಳಿಯತೊಡಗಿತು.

"ತಿಪ್ಪಮ್ಮಾ, ಇದೀರ ನೀವು! ಇದೀರ!" ಎಂದು ಕಾವ್ಯ ಕೂಗಿಕೊಂಡಳು.

"ಬೆಳಗಿಂದ ಇಲ್ಲೇ ಕುಂತಿವ್ನಲ್ಲ," ಎಂದಳು ತಿಪ್ಪಮ್ಮ.

ಸಂಜೆಯ ಹೊತ್ತಿಗೆ ಅಚ್ಚು ಕೆತ್ತಿ ಮುಗಿಯಿತು. ಹೊರಡುವ ಮುಂಚೆ ಶಿವರುದ್ರಮ್ಮ, ವಾರಕ್ಕೊಮ್ಮೆ ಎಲ್ಲ ಅಳತೆಗಳನ್ನೂ ಹೊರಗಿನ ಡಿಸ್ಕಿಗೆ ನಕಲಿಸುವುದನ್ನು ಕಾವ್ಯಳ ಕೈಯಲ್ಲೇ ಎರಡು ಸಲ ಮಾಡಿಸಿದಳು. ಬೆಳಿಗ್ಗೆ ಬಂದಿದ್ದ ತುಮಕೂರಿನ ಸೋಮಶೇಖರನ ನಂಬರು ಕೇಳಿ ಪಡೆದು, ದಾರಿಯಲ್ಲಿ ಅವನಿಗೆ ಫೋನು ಮಾಡಿದಳು. ಅವನು ಬೈಗುಳಕ್ಕೆ ಸಿದ್ಧನಾಗಿದ್ದ. ಅವಳು ಬೈಯಲಿಲ್ಲ. ಏನಾಗಿತ್ತು, ತಾನು ಎಡವಿದ್ದೆಲ್ಲಿ, ಕೊನೆಗೆ ಹೇಗೆ ಗೊತ್ತಾಯಿತು ಎಲ್ಲವನ್ನೂ ಹೇಳಿದಳು. "ನಿಂಗೂ ನಾಳೆ ಇಂಥದ್ದೇ ಬರ್ಬೋದು ಕಣಪ್ಪ. ಅದಕ್ಕೇ ಹೇಳ್ದೆ."

ಹದಿನೈದು ದಿನ ಕಳೆದ ಮೇಲೆ ತಿಪ್ಪಮ್ಮ ಹೊಸ ಕಾಲು ಹಾಕಿಕೊಂಡು, ಕಾರ್ಯಾಗಾರದಲ್ಲಿ ನಡಿಗೆ ಕಲಿಸುವ ಎರಡು ಕಂಬಿಗಳ ನಡುವೆ ಕೈ ಬಿಟ್ಟು ಆರು ಹೆಜ್ಜೆ ನಡೆದಳು. ಈಗ ಅಮೃತೂರಿನ ಬಸ್ಸನ್ನು ಯಾರ ಕೈಯೂ ಹಿಡಿಯದೆ ಹತ್ತುತ್ತಾಳಂತೆ.

ಸೋಮಶೇಖರ ಮಾತ್ರ ಫೋನು ಮಾಡುವುದನ್ನು ಬಿಡಲಿಲ್ಲ. ಎರಡು ತಿಂಗಳಾದ ಮೇಲೆ ಕುಣಿಗಲ್‌ನ ಇಬ್ಬರು ರಿಪೇರಿಯವರನ್ನೂ ಕರೆದುಕೊಂಡು ಗುಬ್ಬಿಗೇ ಬಂದ. ಈಗ ತಿಂಗಳಿಗೊಂದು ಭಾನುವಾರ ಏಳೆಂಟು ಜನ ಅವಳ ಅಂಗಡಿಯಲ್ಲಿ ಸೇರುತ್ತಾರೆ. ಷಡಕ್ಷರಿ ಗಿರಣಿ ನಿಲ್ಲಿಸಿ ಎಲ್ಲರಿಗೂ ಟೀ ತರುತ್ತಾನೆ. ಅವಳು ಕೆಟ್ಟ ಬೋರ್ಡೊಂದನ್ನು ಮೇಜಿನ ನಡುವೆ ಇಟ್ಟು ಹೇಳುತ್ತಾಳೆ: "ನಾನು ಹೇಳ್ಕೊಡಲ್ಲ. ನೀವು ಪ್ರಶ್ನೆ ಕೇಳಿ, ಎಲ್ರೂ ಸೇರಿ ನೋಡಾನ."