ಐದನೆಯ ಕಾಲು

ಆ ದಿನ ಇಳಕಲ್ಲಿನ ಆ ಮಗ್ಗದ ಮನೆಯಲ್ಲಿ ಇದ್ದವರು ನಾಲ್ವರು — ನೇಕಾರ ಸಂಗಪ್ಪ ಮಾಮಾ, ಅವರ ಹೆಂಡತಿ ಗಂಗವ್ವ, ನನ್ನ ಸಹೋದ್ಯೋಗಿ ಗಿರಿಜಾ, ಮತ್ತೆ ನಾನು. ನಾಲ್ವರಲ್ಲಿ ಸುಳ್ಳು ಹೇಳಿದವನು ನಾನೊಬ್ಬನೇ. ಆ ಸುಳ್ಳನ್ನು ನಂಬಿ ಗಿರಿಜಾ ತನ್ನ ಬುದ್ಧಿಯನ್ನೇ ನಂಬದಂತಾದಳು. ಅದನ್ನು ಕಣ್ಣಾರೆ ನೋಡುತ್ತ ವರ್ಷಗಟ್ಟಲೆ ಸುಮ್ಮನಿದ್ದೆ. ಮೊದಲೇ ಹೇಳಿಬಿಡುತ್ತೇನೆ — ಮುಂದೆ ಓದುತ್ತ ಹೋದಂತೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟುವುದು ಬೇಡ.

ಗಿರಿಜಾ ಮತ್ತು ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆವು. ನಾನು ಹರಟೆಯವನು, ಕೂತಲ್ಲಿ ನಾಲ್ಕು ಜನರನ್ನು ಕೂಡಿಸುವವನು. ಅವಳು ಹಿಡಿದ ಎಳೆ ಬಿಡದವಳು. ಸೀರೆಯ ಅಂಚಿನ ವಿನ್ಯಾಸಗಳನ್ನು ಬರೆಯುವುದಕ್ಕೆಂದೇ ಅವಳೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದಳು. ಇಳಕಲ್ಲಿನವರು ಸೀರೆಯ ಒಡಲ ನೂಲಿಗೆ ಅಂಚಿನ ನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಹೆಸರನ್ನೇ ಭಾಷೆಗೂ ಇಟ್ಟಿದ್ದಳು — ಕೊಂಡಿ.

ಫಂಕ್ಷನಲ್ ಎಂದು ಕರೆಯುವ ಜಾತಿಯ ಭಾಷೆ ಅದು. ಅದರಲ್ಲಿ ಎಲ್ಲವೂ ಸಣ್ಣ ಸಣ್ಣ ಫಂಕ್ಷನ್‌ಗಳು. ಒಂದಕ್ಕೆ ಎಳೆ ಕೊಟ್ಟರೆ ಹೂವು ಬರುತ್ತದೆ, ಇನ್ನೊಂದಕ್ಕೆ ಹೂವು ಕೊಟ್ಟರೆ ಸಾಲು ಬರುತ್ತದೆ, ಸಾಲು ಕೊಟ್ಟರೆ ಅಂಚು. ನೇಮ ಒಂದೇ, ಆದರೆ ಬಲು ಬಿಗಿ: ಕೊಟ್ಟದ್ದು ಅದೇ ಆದರೆ ಬರುವುದೂ ಅದೇ ಆಗಿರಬೇಕು. ನಿನ್ನೆ ಏನಾಯಿತೆಂದು ಭಾಷೆ ಒಳಗೊಳಗೇ ನೆನಪಿಟ್ಟುಕೊಂಡು ಇವತ್ತಿನ ಉತ್ತರವನ್ನು ಬದಲಿಸುವಂತಿಲ್ಲ. ಕದ್ದು ನೆನಪಿಡುವುದು ಇಲ್ಲ — ಗಿರಿಜಾ ಬರೆದ ಸಂಶೋಧನಾ ಪ್ರಬಂಧವೆಲ್ಲ ನಿಂತದ್ದು ಇದರ ಮೇಲೆ. ಪ್ರಬಂಧದಲ್ಲಿ ನನ್ನ ಹೆಸರೂ ಇತ್ತು. ಯಾಕೆಂದರೆ ಭಾಷೆಯನ್ನು ಓಡಿಸುವ ಒಳಯಂತ್ರವನ್ನು, ಅಂದರೆ ಅವಳು ಬರೆದದ್ದನ್ನು ಮಗ್ಗಕ್ಕೆ ತಿಳಿಯುವಂತೆ ಲೆಕ್ಕ ಹಾಕಿ ಕಳಿಸುವ ಭಾಗವನ್ನು ನಾನು ಬರೆದಿದ್ದೆ.

ಆ ನೇಮದ ಮೇಲೆ ಅವಳಿಗೆ ಅಷ್ಟು ಜೀವ ಯಾಕೆ ಎಂಬುದು ಅವಳ ಮನೆ ನೋಡಿದವರಿಗೆ ತಿಳಿಯುತ್ತಿತ್ತು. ಅವಳ ತಾಯಿ ಚೆನ್ನವ್ವ ಕಸೂತಿಗೆ ಹೆಸರಾದವರು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ — ಹೋದ ದಾರಿಯಲ್ಲೇ ಸೂಜಿ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಅಂಥ ಕೈಗೆ ಮುಪ್ಪಿನಲ್ಲಿ ಮರೆವು ಬಂತು. ಮಗಳ ಹೆಸರು ಹೋಯಿತು, ಉಂಡದ್ದು ಹೋಯಿತು, ಸೂಜಿ ಮಾತ್ರ ನಡೆದೇ ಇತ್ತು. ಕೊನೆಗೆ ಹಾಕಿದ್ದು ಒಂದು ಆನೆ. ಹೋದ ಸೂಜಿಗೆ ತಿರುಗಿ ಬರುವ ದಾರಿ ತಪ್ಪಿ, ಹೊಟ್ಟೆಯ ಕೆಳಗೆ ಇನ್ನೊಂದು ಕಾಲು ಇಳಿಯಿತು. ನಾನು ಅಂದು ಅಲ್ಲಿದ್ದೆ. ಗಿರಿಜಾ, "ಅವ್ವಾ, ಇದು ಐದನೇ ಕಾಲು," ಅಂದಳು. ಚೆನ್ನವ್ವ ತಲೆ ಎತ್ತದೆ, "ಇರ್ಲಿ ಬಿಡ. ಭಾಳ ದೂರ ಹೋಗೋದೈತಿ ಅದಕ್ಕ," ಅಂದರು.

ಚೆನ್ನವ್ವನ ತಾಯಿಯೂ ಹಾಗೇ ಹೋದವರಂತೆ. ಮುಂದಿನ ಸರದಿ ತನ್ನದು ಎಂಬ ಅಂಜಿಕೆಯನ್ನು ಗಿರಿಜಾ ಹೇಳಿದ್ದು ನನ್ನೊಬ್ಬನ ಮುಂದೆ. ನನ್ನೊಬ್ಬನ ಮುಂದೆ.

ತಾಯಿ ತೀರಿಕೊಂಡ ಮೇಲೆ ಅವಳು ಆ ಆನೆಯನ್ನು ಕೊಂಡಿಯಲ್ಲಿ ಬರೆದಳು. ಒಮ್ಮೆ ಮಗ್ಗಕ್ಕೆ ಕಳಿಸಿದಳು, ಪರದೆಯ ಮೇಲೆ ನೋಡಿದಳು, ನೇಯುವ ಮೊದಲೇ ನೋಡಲಾರೆ ಎಂದು ನನ್ನ ಎದುರಿಗೇ ಅಳಿಸಿದಳು. ಅದೇ ಹೆಸರಿನಲ್ಲಿ ನಾಲ್ಕು ಕಾಲಿನ ಸರಿಯಾದ ಆನೆ ಬರೆದಳು. ಇಳಕಲ್ಲಿನಲ್ಲಿ ನೇಯಬೇಕಾದದ್ದು ಅದು.

ಇತ್ತ ಸಂಗಪ್ಪ ಮಾಮಾನ ಮಗ್ಗಕ್ಕೆ ನಾವೊಂದು ಪೆಟ್ಟಿಗೆ ಕೂಡಿಸಿದ್ದೆವು. ಕಂಪ್ಯೂಟರ್ ಹೇಳಿದಂತೆ ಅದು ಅಂಚಿನ ಎಳೆಗಳನ್ನು ಎತ್ತುತ್ತಿತ್ತು. ಆದರೆ ನನ್ನ ಒಳಯಂತ್ರ ನಿಧಾನ. ಮಾಮಾ ಲಾಳಿ ಹಿಡಿದು ಕಾಯುತ್ತ ಕೂಡುತ್ತಿದ್ದರು.

"ಈರಣ್ಣ ಸರ್, ನಿಮ್ಮ ಯಂತ್ರ ಎಳಿಗೊಮ್ಮೆ ಚಾ ಕುಡದ ಬರ್ತೈತೇನ್ರಿ?"

ಗಂಗವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಲೇ, "ನೀವರ ಏನ್ ಕಡಿಮಿ? ಎಲಿ ಅಡಿಕಿಗಂತ ಎದ್ರ ಓಣಿ ತುಂಬ ಹುಡುಕಬೇಕು," ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ನಾನು ನಕ್ಕರೂ ಒಳಗೆ ಚುಚ್ಚುತ್ತಿತ್ತು.

ಹೀಗಾಗಿ, ಆ ಆನೆ ಬರೆಯುವುದಕ್ಕೂ ಮೊದಲೇ, ಗಿರಿಜಾಗೆ ಹೇಳದೆ ಒಂದು ಕೆಲಸ ಮಾಡಿದ್ದೆ. ಒಮ್ಮೆ ಲೆಕ್ಕ ಹಾಕಿದ್ದನ್ನು ಒಳಯಂತ್ರ ಒಂದು ಕಡೆ ಬಚ್ಚಿಟ್ಟುಕೊಳ್ಳಲಿ, ಮತ್ತೆ ಕೇಳಿದಾಗ ಅದನ್ನೇ ತೆಗೆದು ಕೊಡಲಿ ಎಂದು — ಕದ್ದ ನೆನಪು. ನೇಮಕ್ಕೆ ಭಂಗ ಬರದಂತೆಯೂ ಇದನ್ನು ಮಾಡಬಹುದು, ಮಾಡುವವರಿದ್ದಾರೆ. ನಾನು ಮಾಡಿದ್ದು ಅವಸರದಲ್ಲಿ. ಫಂಕ್ಷನ್ನಿನ ಒಳಗೆ ಏನು ಬರೆದಿದೆ ಎಂದು ನೋಡದೆ ಬರೀ ಹೆಸರು ನೋಡಿ ಗುರುತು ಹಿಡಿಯುವಂತೆ ಬರೆದಿದ್ದೆ. ಮಗ್ಗ ಚುರುಕಾಯಿತು. ಮಾಮಾ ನನ್ನ ಬೆನ್ನು ತಟ್ಟಿದರು. ಗಿರಿಜಾ, "ಹೆಂಗ ಮಾಡ್ದಿ?" ಎಂದು ಕೇಳಿದಳು. "ಅಲ್ಲಿಷ್ಟು ಇಲ್ಲಿಷ್ಟು ತಿದ್ದೀನಿ," ಅಂದೆ.

ಆ ದಿನ — ನಡುಮಧ್ಯಾಹ್ನ. ಓಣಿಯ ಮಗ್ಗಗಳೆಲ್ಲ ಊಟಕ್ಕೆ ನಿಂತಿದ್ದವು. ಇಡೀ ದಿನ ಸದ್ದಿನಲ್ಲಿ ಇರುವ ಓಣಿ ಹಾಗೆ ಒಮ್ಮೆಲೆ ಬಾಯಿ ಮುಚ್ಚಿದರೆ ಕಿವಿಯಲ್ಲಿ ಏನೋ ತುಂಬಿದಂತಾಗುತ್ತದೆ. ನಮ್ಮ ಮಗ್ಗವೊಂದೇ ನಡೆದಿತ್ತು. ಅಂಚಿನಲ್ಲಿ ಆನೆಗಳ ಸಾಲು ಒಂದೊಂದಾಗಿ ಬರುತ್ತಿತ್ತು. ಪರದೆಯ ಮೇಲೆ ಎಲ್ಲಕ್ಕೂ ನಾಲ್ಕು ಕಾಲು. ಬಟ್ಟೆಯ ಮೇಲೂ ನಾಲ್ಕು, ಮತ್ತೆ ನಾಲ್ಕು — ಮಾಮಾನ ಕೈ ತಡೆಯಿತು.

"ಗಿರಿಜಕ್ಕಾರ, ಇದೊಂದು ಬ್ಯಾರೆ ಬಂದೈತಿ ನೋಡ್ರಿ."

ನಾವು ಬಾಗಿ ನೋಡಿದೆವು. ಹೊಟ್ಟೆಯ ಕೆಳಗೆ, ಸ್ವಲ್ಪ ಸೊಟ್ಟಗೆ, ಐದನೆಯ ಕಾಲು. ಆ ಸೊಟ್ಟು ಯಾರ ಕೈಯದೆಂದು ಗಿರಿಜಾಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಗಂಗವ್ವನಿಗೂ ಆ ಕಥೆ ಗೊತ್ತಿತ್ತು. ಅವಳು ಕಂಡಿಕೆ ಕೆಳಗಿಟ್ಟು, ಮೆಲ್ಲಗೆ, "ನಿಮ್ಮವ್ವ ಬಂದಾಳ ನೋಡವಾ," ಅಂದಳು.

ಮಾಮಾ ಇನ್ನಷ್ಟು ನೇಯ್ದರು. ಮುಂದಿನದು ನಾಲ್ಕು ಕಾಲಿನದು. ಅದರ ಮುಂದಿನದು ಮತ್ತೆ ಐದು.

ನನಗೆ ಮೊದಲ ಆನೆಗೇ ತಿಳಿದಿತ್ತು. ಅಳಿಸಿದ ಆನೆ ಅಳಿದಿರಲಿಲ್ಲ, ನನ್ನ ಕದ್ದ ನೆನಪಿನಲ್ಲಿ ಅದೇ ಹೆಸರಿನಲ್ಲಿ ಕುಳಿತಿತ್ತು. ಆ ನೆನಪು ತುಂಬಿದಾಗ ಕೆಲವನ್ನು ಚೆಲ್ಲಿ ಕೆಲವನ್ನು ಉಳಿಸಿಕೊಳ್ಳುತ್ತಿತ್ತು. ಅದಕ್ಕೇ ಸಾಲಿನಲ್ಲಿ ಒಂದು ಹೊಸದು, ಒಂದು ಹಳೆಯದು. ಪರದೆಯ ಚಿತ್ರ ಬೇರೆ ದಾರಿಯಿಂದ ಬರುತ್ತಿತ್ತಾದ್ದರಿಂದ ಅಲ್ಲಿ ಎಲ್ಲವೂ ಸರಿಯಿತ್ತು. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಗಿರಿಜಾ ಬೈಯುತ್ತಿದ್ದಳು, ಪ್ರಬಂಧ ಹಿಂದಕ್ಕೆ ಪಡೆಯಬೇಕಾಗುತ್ತಿತ್ತು, ಕಾಲೇಜಿನಲ್ಲಿ ನನ್ನ ಮುಖ ಸಣ್ಣದಾಗುತ್ತಿತ್ತು. ಅಷ್ಟೇ.

ಅವಳು ನನ್ನ ಕಡೆ ತಿರುಗಿದಳು. "ಈರಣ್ಣಾ, ಇದನ್ನ ನಾ ಅಳಿಸೀನಿ. ನಿನ್ನ ಮುಂದನ ಅಳಿಸೀನಿ. ಹೌದಿಲ್ಲೋ?"

ನಾನು ಹೇಳಿದ್ದು ಇದು: "ನೀನ ತಿರುಗಿ ಬರದಿರಬೇಕು, ಗಿರಿಜಾ. ಮರ್ತಿದ್ದೀ."

ಅವಳ ಮುಖದಲ್ಲಿ ಏನೋ ಆರಿತು. ಸಿಟ್ಟಿಲ್ಲ, ವಾದವಿಲ್ಲ — ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಕೊನೆಗೂ ಬಂತು ಎಂಬಂತೆ ತಲೆ ಆಡಿಸಿದಳು, ಅಷ್ಟೇ.

ಇದಕ್ಕಿಂತ ಹೇಸಿ ಕೆಲಸ ಮಾಡಿದ್ದು ಅದೇ ಸಂಜೆ. ಒಳಯಂತ್ರದಿಂದ ಆ ನೆನಪನ್ನು ಕಿತ್ತುಹಾಕಿದೆ. ಮರುದಿನದಿಂದ ಗಿರಿಜಾ ಅದೇ ಪ್ರೋಗ್ರಾಂ ಓಡಿಸಿ ಓಡಿಸಿ ನೋಡಿದಳು — ಎಲ್ಲ ಆನೆಗೂ ನಾಲ್ಕೇ ಕಾಲು. ತಪ್ಪು ಯಂತ್ರದ್ದಾಗಿದ್ದರೆ ಮತ್ತೊಮ್ಮೆ ಬರಬೇಕಿತ್ತಲ್ಲ? ಬರಲಿಲ್ಲ. "ನೋಡು, ಅದನ್ನ ಕೊಟ್ಟರ ಅದ ಬರಾಕತ್ತೈತಿ," ಅಂದಳು. "ಹಂಗಾರ ತಪ್ಪಿದ್ದು ನಾನ." ತಾನೇ ಕಟ್ಟಿದ ನೇಮವನ್ನು ತನ್ನ ವಿರುದ್ಧ ಸಾಕ್ಷಿಗೆ ನಿಲ್ಲಿಸಿಕೊಂಡಳು. ಆ ಸಾಕ್ಷಿಯನ್ನು ತಿದ್ದಿದ ನಾನು ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ.

ಆಮೇಲೆ ಅವಳು ಕರಗುತ್ತ ಹೋದಳು. ಪಾಠಕ್ಕೆ ನಿಂತವಳು, "ಇದನ್ನ ನಿನ್ನೆ ಹೇಳೀನೇನು?" ಎಂದು ಕೇಳುವಳು. ಹುಡುಗರು ಚೇಷ್ಟೆಗೆ, "ಹೇಳೀರಿ ಮೇಡಂ, ಮುಗಿಸೀರಿ," ಅನ್ನುವರು. ಅವಳು ನಂಬಿ ಪುಟ ತಿರುವುವಳು. ವೈದ್ಯರು ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲ ಅಂದದ್ದು ಖರೆಯೋ, ತನ್ನ ಮನಸ್ಸು ಹಾಗೆ ಕೇಳಿಸಿಕೊಂಡಿತೋ ಎಂದು ನನ್ನನ್ನೇ ಕೇಳಿದಳು. ನಾನು — ಏನು ಹೇಳಿದೆನೋ. ಒಂದು ದಿನ ಕೆಲಸ ಬಿಟ್ಟು ಬಾದಾಮಿಯ ಅಣ್ಣನ ಮನೆಗೆ ಹೋದಳು. ಪ್ರಬಂಧ ಹೊರಬಂತು. ಹೊಗಳಿಕೆ ನನಗೆ ಬಂತು.

ಆ ಸೀರೆಯನ್ನು ಗಂಗವ್ವ ಮಾರಲಿಲ್ಲ. "ಯಾರದೋ ಕೈ ಐತ್ರಿ ಇದರಾಗ," ಎಂದು ಟ್ರಂಕಿನಲ್ಲಿಟ್ಟಳು. ಹೋದಾಗಲೆಲ್ಲ ನನಗೆ ತೋರಿಸುತ್ತಾಳೆ, ನಾನು ಬೇಡ ಅನ್ನಲಾರೆ. ಬಸ್ಸಿನಲ್ಲಿ, ದವಾಖಾನೆಯಲ್ಲಿ, ಯಾವ ಹೆಣ್ಣುಮಗಳ ಸೀರೆಯಲ್ಲಿ ಆನೆ ಕಂಡರೂ ಕಣ್ಣು ಕಾಲು ಎಣಿಸುತ್ತದೆ. ಹೋದ ಬೇಸಿಗೆ, ಕರೆಂಟಿಲ್ಲದ ಮಧ್ಯಾಹ್ನ, ಮಾಮಾನ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದೆ. ಮಗ್ಗದ ಮೇಲಿನ ಆ ಪೆಟ್ಟಿಗೆ ಟಕ್ಕೆಂದಿತು. ಎಳೆಗಳು ಎತ್ತುವಾಗಿನ ಸದ್ದು. ಸ್ವಲ್ಪ ತಡೆದು ಮತ್ತೆ ಟಕ್. ಬಿಸಿಲಿಗೆ ಕಟ್ಟಿಗೆ ಸಿಡಿದದ್ದಿರಬೇಕು. ಇರಬೇಕು... ಹತ್ತಿರ ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ. ನನ್ನ ಕಣ್ಣು ಕಿವಿಯನ್ನು ನಾನೇ ನಂಬಲಾರದೆ ನಿಂತಿದ್ದೆ. ಗಿರಿಜಾ ದಿನಾ ಬದುಕುವುದು ಹೀಗೆ ಎಂದು ಆಗ ಹೊಳೆಯಿತು.

ಮರುದಿನವೇ ಬಾದಾಮಿಗೆ ಹೋದೆ. ಅಗಸ್ತ್ಯ ತೀರ್ಥದ ಹಿಂದಿನ ಓಣಿಯಲ್ಲಿ ಅಣ್ಣನ ಮನೆ. ಗಿರಿಜಾ ದಣಿದಿದ್ದಳು. ಅವಳು ಎಲ್ಲಿಗೂ ಒಬ್ಬಳೇ ಹೋಗುವುದಿಲ್ಲ, ದಾರಿ ಮರೆತೀನೆಂಬ ಹೆದರಿಕೆ, ಸಂತೆಗೂ ಜೊತೆ ಬೇಕು ಎಂದು ಅವಳ ಅತ್ತಿಗೆ ಬಾಗಿಲಲ್ಲೇ ಹೇಳಿದಳು. ನಾನು ಕೂತು ಎಲ್ಲ ಹೇಳಿದೆ, ಒಂದನ್ನೂ ಬಿಡದೆ. ಗಿರಿಜಾ ಕೇಳಿದಳು. ಆಮೇಲೆ ನಕ್ಕಳು.

"ನನ್ನ ಸಮಾಧಾನಕ್ಕ ಇಷ್ಟ ದೊಡ್ಡ ಸುಳ್ಳ ಕಟ್ಟಿಕೊಂಡ ಬಂದಿಯೇನೋ? ನಿನ್ನ ಮನಸ ಭಾಳ ಛಲೋ, ಈರಣ್ಣಾ."

ಖರೆ ಎಂದೆ. ಆಣೆ ಮಾಡಿದೆ. ಕದ್ದ ನೆನಪು ಇನ್ನೂ ಇದ್ದ ಒಳಯಂತ್ರದ ಹಳೆಯ ಪ್ರತಿಯನ್ನು ಮುಂದಿಟ್ಟೆ. "ಇವತ್ತ ಬರದು ಹಳೇದು ಅಂತ ತೋರಸಾಕ ನಿನಗೇನ್ ಕಷ್ಟ," ಅಂದಳು. ಖರೆಯೇ. ಅಷ್ಟು ಕೈಚಳಕ ನನಗಿದೆಯೆಂದು ನಾನೇ ತೋರಿಸಿದ್ದೆನಲ್ಲ. ಅತ್ತಿಗೆ ನನಗೆ ಊಟಕ್ಕೆ ಬಡಿಸಿದಳು, ಇಂಥ ಗೆಳೆಯರು ಸಿಗುವುದು ಅಪರೂಪ ಅಂದಳು.

ಆ ಪ್ರತಿಯನ್ನು ಅಲ್ಲೇ ಬಿಟ್ಟು ಬಂದೆ. ಕಾಲೇಜಿಗೂ ಪ್ರಬಂಧ ಅಚ್ಚು ಮಾಡಿದವರಿಗೂ ನಡೆದದ್ದನ್ನು ತಿಳಿಸಿದೆ. ಪ್ರಬಂಧವನ್ನು ಹಿಂದಕ್ಕೆ ಪಡೆದರು. ನನ್ನ ಬಗ್ಗೆ ಅನ್ನಬೇಕಾದವರು ಅಂದರು. ಇದನ್ನೂ ಬರೆಯಲು ಕೂತೆ — ಅವಳಿಗೆ ಏನಾದರೂ ಒಳಿತಾದೀತೆಂಬ ಆಸೆಯಿಂದಲ್ಲ. ಹೇಳದೆ ಇರುವುದು ಇನ್ನು ಆಗುವುದಿಲ್ಲ, ಅದಕ್ಕೆ.

ಇದನ್ನು ಅರ್ಧ ಬರೆದಿದ್ದಾಗ ಸಂಗಪ್ಪ ಮಾಮಾ ಫೋನ್ ಮಾಡಿದರು: ಗಿರಿಜಕ್ಕಾರು ಬಂದಾರ, ಬರ್ರಿ. ನಾನು ಹೋದಾಗ ಗಿರಿಜಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಹಳೆಯ ಒಳಯಂತ್ರವನ್ನು ತಾನೇ ಓದಿ, ತಾನೇ ಜೋಡಿಸಿದ್ದಳು. ತಾಯಿಯ ಆನೆ ಬರೆದಳು, ಮಗ್ಗಕ್ಕೆ ಕಳಿಸಿದಳು, ಅಳಿಸಿದಳು. ಅದೇ ಹೆಸರಿನಲ್ಲಿ ನಾಲ್ಕು ಕಾಲಿನದನ್ನು ಬರೆದಳು. ಮಾಮಾ ನೇಯ್ದರು. ಮೊದಲ ಆನೆ ನಾಲ್ಕು ಕಾಲಿನದು ಬಂತು. ಎರಡನೆಯದು ಬರುವಾಗ ಗಂಗವ್ವ ಅವಳ ಭುಜ ಹಿಡಿದು ನಿಂತಿದ್ದಳು. ಐದನೆಯ ಕಾಲು ಮೆಲ್ಲಗೆ ಇಳಿದು ಬಂತು.

ಗಿರಿಜಾ ಅದನ್ನು ಬಹಳ ಹೊತ್ತು ನೋಡಿದಳು. ನನ್ನನ್ನು ನೋಡಲಿಲ್ಲ. ಮಾಮಾನಿಗೆ ಕೈಮುಗಿದು, ಚಪ್ಪಲಿ ಮೆಟ್ಟಿ ಹೊರಟಳು. ನಾನು ದೂರದಲ್ಲಿ ಬಸ್ ನಿಲ್ದಾಣದವರೆಗೆ ಹಿಂದೆ ನಡೆದೆ. ಅವಳ ಜೊತೆ ಅಣ್ಣನೋ ಅತ್ತಿಗೆಯೋ ಇರಬೇಕೆಂದು ಹುಡುಕಿದೆ. ಯಾರೂ ಇರಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ.

"ಬಾದಾಮಿ," ಅಂದಳು. "ಒಬ್ಬಾಕಿನ."