ಅರ್ಧ ಸುಲಿದ ಮರಸೇಬು

ಲೇರ್ ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮ ಗೋಡೆಗೆ ತಾಗಿಯೇ ತಾಲ್ಕೆಯ ಮನೆ. ಬೀಜದ ಕಂಪನಿಯೊಂದರ ಕ್ಯಾಟಲಾಗಿಗೆ ಈರುಳ್ಳಿ, ಬಟಾಣಿ, ಹೂವಿನ ಗಡ್ಡೆಗಳ ಚಿತ್ರ ಮಾಡುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಅವಳು ಚಿತ್ರ ಮಾಡುತ್ತಿದ್ದದ್ದು ಬಿಳಿ ಜೇಡಿ ಬಳಿದು ಮೇಲೆ ಕಪ್ಪು ಶಾಯಿ ಹಚ್ಚಿದ ರಟ್ಟಿನ ಮೇಲೆ. ಮೊನಚಾದ ಅಲಗಿನಿಂದ ಕೆರೆದಲ್ಲೆಲ್ಲ ಕಪ್ಪು ಹೋಗಿ ಬಿಳಿ ಮೂಡುತ್ತದೆ. ಅವಳು ಕೆರೆದ ಈರುಳ್ಳಿ ಕಂಡರೆ ಸಿಪ್ಪೆ ಎಳೆಯಲು ಕೈ ಹೋಗುತ್ತಿತ್ತು. ಬಣ್ಣದ ಫೋಟೊ ಬಂದ ಮೇಲೆ ಕಂಪನಿಯವರು ಕರೆಯಲಿಲ್ಲ. ರಟ್ಟುಗಳು ಕಪಾಟು ಸೇರಿದವು.

ಗಂಡ ಹಾಯೊ, ಹಡಗು ಬಂದಾಗ ಸೇತುವೆ ಎತ್ತುವ ಕೆಲಸದವನು. "ಊರವರ ಈರುಳ್ಳಿ ಎಲ್ಲಾ ಆಯ್ತು, ನನ್ನ ಮೋರೆ ಯಾವಾಗ ಬರೀತೀಯೇ?" ಎಂದು ಕೆಣಕುತ್ತಿದ್ದ.

"ಈರುಳ್ಳಿ ಅಲ್ಲಾಡದೆ ಬಾಯಿ ಮುಚ್ಕೊಂಡು ಕೂತಿರುತ್ತೆ. ನಿಮ್ಮ ಕೈಲಾಗುತ್ತಾ?"

ನವೆಂಬರಿನ ಒಂದು ಬೆಳಿಗ್ಗೆ ಅವನು ಮೇಜಿನ ಮುಂದೆ ಕೂತು ಮರಸೇಬು ಸುಲಿಯುತ್ತಿದ್ದಾಗ ಹಡಗಿನ ಕೂಗು ಕೇಳಿಸಿತು. ಚಾಕು, ಕನ್ನಡಕ, ಅರ್ಧ ಕುಡಿದ ಚಹಾ, ಎಲ್ಲ ಅಲ್ಲಲ್ಲೇ ಬಿಟ್ಟು ಓಡಿದ. ಸೇತುವೆಯ ಮೇಲೆಯೇ ಎದೆಬಡಿತ ನಿಂತುಹೋಯಿತು.

ಮಣ್ಣು ಮಾಡಿ ಬಂದ ಮೇಲೆ ತಾಲ್ಕೆ ಆ ಮೇಜನ್ನು ಯಾರಿಗೂ ಮುಟ್ಟಗೊಡಲಿಲ್ಲ. ಕಪಾಟಿನಿಂದ ರಟ್ಟು ತೆಗೆದು, ಎದುರಿಗೆ ಕುಳಿತು ಕೆರೆಯತೊಡಗಿದಳು. ಮೊದಲು ಚಹಾದ ಬಟ್ಟಲು, ಆಮೇಲೆ ಕನ್ನಡಕ. ಹಣ್ಣು ದಿನದಿನಕ್ಕೂ ಕಂದಿ ಮುದುಡುತ್ತಿತ್ತು.

ಒಂದು ಮಧ್ಯಾಹ್ನ ಅವಳು ಸಮಾಧಿಯ ಕಡೆ ಹೋಗಿದ್ದಾಗ ಹಾಯೊನ ತಂಗಿ ಗೇಶೆ ಬಂದಳು. ಅತ್ತಿಗೆಗೆ ಕೈಯಾಸರೆ ಆಗಲಿ ಎಂದು ಹಣ್ಣು ಎಸೆದು, ಬಟ್ಟಲು ತೊಳೆದು, ಮೇಜು ಒರೆಸಿದಳು.

ತಾಲ್ಕೆ ಬಂದವಳು ಬರಿಯ ಮೇಜಿನ ಮೇಲೆ ಅಂಗೈ ಇಟ್ಟಳು. "ಒರೆಸಿಬಿಟ್ಟೆಯಾ?" ಅಷ್ಟೇ ಕೇಳಿದ್ದು.

ಗೇಶೆ ಆಗ ರಟ್ಟನ್ನು ನೋಡಿದಳು. ಹಣ್ಣು ಇರಬೇಕಾದ ಜಾಗ ಇನ್ನೂ ಕಪ್ಪಾಗಿಯೇ ಇತ್ತು. ಅವಳು ಅತ್ತದ್ದು ಗೋಡೆಯಾಚೆಗೆ ಕೇಳಿಸಿ ನಾನು ಓಡಿಹೋದೆ. ತಾಲ್ಕೆಯ ಕಣ್ಣು ಒಣಗಿಯೇ ಇತ್ತು.

ಮರುದಿನ ಗೇಶೆ ತನ್ನ ಹಿತ್ತಿಲ ಮರದ್ದೇ ಹಣ್ಣು ತಂದಳು. ನಾನೂ ಅಲ್ಲಿದ್ದೆ.

"ಬೇಡ. ಅವರು ಸುಲಿದದ್ದಲ್ಲ ಅದು," ಎಂದಳು ತಾಲ್ಕೆ.

"ನಮ್ಮಿಬ್ರಿಗೂ ಸುಲಿಯೋದು ಕಲಿಸಿದ್ದು ಒಬ್ಬಳೇ ಅಮ್ಮ, ಅತ್ತಿಗೆ."

ಅಣ್ಣನ ಕುರ್ಚಿಯಲ್ಲಿ ಕುಳಿತು, ತೊಟ್ಟಿನಿಂದ ಶುರುಮಾಡಿ, ಸಿಪ್ಪೆ ತುಂಡಾಗದಂತೆ ಸುತ್ತಿ ಸುತ್ತಿ ಸುಲಿದಳು. ತಾಲ್ಕೆ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ಸಾಕು," ಎಂದಳು. "ಇಲ್ಲಿಗೆ ಎದ್ದು ಹೋದರು."

ಆಗ ಅತ್ತಳು. ಮೊದಲ ಸಲ.

ಚಳಿಗಾಲವೆಲ್ಲ ಆ ಚಿತ್ರಕ್ಕೇ ಹೋಯಿತು. ಹಣ್ಣಿನ ಮೈಯ ಚುಕ್ಕಿಗಳು, ಚಾಕುವಿನ ಮೇಲೆ ಜಾರಿದ ಬೆಳಕು, ಸುರುಳಿ ಬಿಚ್ಚಿದ ಸಿಪ್ಪೆಯ ಒದ್ದೆ ಒಳಮೈ, ಎಲ್ಲವೂ ಕೂದಲೆಳೆಯಂಥ ಗೀರುಗಳಲ್ಲಿ ಬಂದಿದ್ದವು. ನೋಡಿದ ನನಗೆ, ಈಗ ಮುಂಬಾಗಿಲು ತೆರೆದು ಹಾಯೊ ಒಳಗೆ ಬಂದಾನು ಅನ್ನಿಸಿತು. ತಾಲ್ಕೆಗೆ ಅದೇ ತಡೆಯಲಾಗಲಿಲ್ಲ. ಚಿತ್ರವನ್ನು ಗೇಶೆಗೆ ಕೊಟ್ಟುಬಿಟ್ಟಳು.

ಅದು ಈಗ ಗೇಶೆಯ ನಡುಮನೆಯ ಗೋಡೆಯಲ್ಲಿದೆ. ಭಾನುವಾರ ಚಹಾಕ್ಕೆ ಹೋದಾಗ ತಾಲ್ಕೆ ಆ ಕೋಣೆಗೆ ಕಾಲಿಡುವುದಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಾಳೆ. ಗೇಶೆಯೂ ತನ್ನ ಬಟ್ಟಲು ಹಿಡಿದು ಅಲ್ಲಿಗೇ ಬರುತ್ತಾಳೆ.